ಹದಿನೆಂಟು ನಿಮಿಷದ ಸೂರ್ಯ

ಫರಂಗಿಪೇಟೆಯಿಂದ ಒಬ್ಬರು ಗಾಡಿ ನೋಡಲು ಬಂದಿದ್ದರು. ಮಳೆಗಾಲವಿಡೀ ಮೂಡುಬಿದಿರೆಯ ನಮ್ಮ ಮನೆಯ ಪಕ್ಕದಲ್ಲಿ ಶೀಟಿನ ಮಾಡಿನಡಿ ನಿಂತೇ ಇದ್ದ ಟೆಂಪೋ ಟ್ರಾವೆಲರ್ ಅದು. ಬಾಗಿಲು ಎಳೆದದ್ದೇ ಒಳಗಿನ ವಾಸನೆ ಮುಖಕ್ಕೆ ಬಡಿಯಿತು. ಬೂಷ್ಟು ಹಿಡಿದ ಹಾಸಿಗೆ, ಒದ್ದೆ ಪ್ಲೈವುಡ್ಡು, ಗ್ಯಾಸಿನ ಪೈಪಿನ ರಬ್ಬರು, ಎಲ್ಲದರ ಎಡೆಯಲ್ಲಿ ಒಂದಿಷ್ಟು ಏಲಕ್ಕಿ. ಅವರಿಗೆ ಇದನ್ನು ಹೆದ್ದಾರಿ ಬದಿಯ ಕ್ಯಾಂಟೀನು ಮಾಡುವ ಯೋಚನೆಯಂತೆ. ಹಾಸಿಗೆಗಳನ್ನು ಕಿತ್ತರೆ ಎಷ್ಟು ಅಡಿ ಜಾಗ ಸಿಗಬಹುದು ಎಂದು ಕೇಳಿದರು. ಅಳತೆ ಕೇಳಿದರೆ ಕೂಡಲೇ ಉತ್ತರ ಕೊಡುವವನು ನಾನು. ಮೂವತ್ತನಾಲ್ಕು ವರ್ಷ ಬೆಳ್ತಂಗಡಿ ತಾಲೂಕಿನಲ್ಲಿ ಭೂಮಾಪಕನಾಗಿ ಊರವರ ಗಡಿ ಅಳೆದವನು. ಅವತ್ತು ಮಾತ್ರ ನೀವೇ ಅಳೆದು ನೋಡಿ ಎಂದು ಟೇಪು ಅವರ ಕೈಗೆ ಕೊಟ್ಟು ಹೊರಗೆ ಬಂದು ನಿಂತೆ.

ಹೋದ ವರ್ಷದ ಆ ಎರಡು ತಿಂಗಳ ಬಗ್ಗೆ ಬರೆಯಬೇಕೆಂದು ಆಗ ಅನ್ನಿಸಿತು. ಬರೆದರೆ ಮನಸ್ಸು ಹಗುರವಾದೀತು ಎಂಬ ಆಸೆಯೇನೂ ಇಲ್ಲ. ಮನೆಯಲ್ಲಿ ಅದರ ಮಾತೆತ್ತುವ ಹಾಗಿಲ್ಲ, ಅಷ್ಟೆ.

ನನ್ನ ಹೆಂಡತಿ ಸುನಂದಾ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಗೊತ್ತಿದ್ದೂ ರಾತ್ರಿ ಎಂಟು ಗಂಟೆಗೆ ಚೆನ್ನಾಗಿ ಉಣ್ಣುವ ನನ್ನಂಥವರೂ ಬೇಕಾದಷ್ಟು ಜನ ಇದ್ದೇವೆ. ಸುನಂದಾ ಹಾಗಲ್ಲ. ಮದುವೆಯಾದ ಹೊಸತರಲ್ಲಿ ನಾವು ಮುಂಡಾಜೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮಗಳು ಪ್ರಫುಲ್ಲಳಿಗೆ ಎರಡು ವರ್ಷವಾಗಿದ್ದಾಗ ಮಿದುಳು ಜ್ವರ ಬಂತು. ಡಾಕ್ಟರು ಇನ್ನು ದೇವರೇ ಗತಿ ಎಂದ ಸಂಜೆ ಸುನಂದಾ ಆಸ್ಪತ್ರೆಯ ಜಗಲಿಯಲ್ಲಿ ನಿಂತು ಕೈಮುಗಿದಳು. ಮಗು ಉಳಿದರೆ ತಾನು ಬದುಕಿರುವಷ್ಟು ದಿನ ಹೊತ್ತು ಮುಳುಗಿದ ಮೇಲೆ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕುವುದಿಲ್ಲ ಎಂದು ವ್ರತ ಹಿಡಿದಳು. ಮಗು ಉಳಿಯಿತು. ಹೀಗೆ ಒಂದು ಕೊಟ್ಟು ಒಂದು ಕೇಳುವುದು ನಮ್ಮ ಧರ್ಮದಲ್ಲಿ ಇಲ್ಲವೇ ಇಲ್ಲ ಎಂದು ನಾನು ಆಗಲೇ ವಾದ ಮಾಡಿದ್ದೆ. ವಾದದಲ್ಲಿ ನಾನೇ ಗೆದ್ದೆ. ಅವಳು ಐದೂವರೆಗೆ ಉಂಡು ಕೈ ತೊಳೆದಳು.

ಪ್ರಫುಲ್ಲಳಿಗೆ ಇದು ಇವತ್ತಿಗೂ ಗೊತ್ತಿಲ್ಲ. ಅಮ್ಮ ಸ್ವಲ್ಪ ಜಾಸ್ತಿ ಮಡಿ ಎಂದಷ್ಟೇ ಅವಳು ತಿಳಿದಿದ್ದಾಳೆ. ಹೇಳಿದರೆ ಮಗಳಿಗೆ ಭಾರವಾಗುತ್ತದೆ ಎಂದು ಸುನಂದಾ ನನ್ನಿಂದಲೂ ಮಾತು ತೆಗೆದುಕೊಂಡಿದ್ದಳು.

ಈ ವ್ರತದ ದೆಸೆಯಿಂದ ಅವಳು ಎಲ್ಲಿಗೂ ಹೋದವಳಲ್ಲ. ಶಾಲೆಯ ಪ್ರವಾಸಕ್ಕೆ ಬೇರೆ ಟೀಚರನ್ನು ಕಳಿಸುತ್ತಿದ್ದಳು. ಮದುವೆಗೆ ಹೋದರೆ ಮಧ್ಯಾಹ್ನದ ಊಟ ಮುಗಿಸಿ ಮೂರು ಗಂಟೆಯ ಬಸ್ಸಿಗೆ ಓಡಿ ಬರುತ್ತಿದ್ದಳು. ಹೋಟೆಲಿನ ಅಡುಗೆ ಆಗದು, ನೀರನ್ನು ತಾನೇ ಬಟ್ಟೆಯಲ್ಲಿ ಸೋಸಬೇಕು. ಮೂಡುಬಿದಿರೆಯಿಂದ ಹೊರಟರೆ ಒಂದು ಗಂಟೆಯೊಳಗೆ ಸಮುದ್ರ ಸಿಗುತ್ತದೆ. ಅದರಲ್ಲಿ ಸೂರ್ಯ ಮುಳುಗುವುದನ್ನು ಅವಳು ಅರುವತ್ಮೂರು ವರ್ಷವಾದರೂ ನೋಡಿರಲಿಲ್ಲ. ಆ ಹೊತ್ತಿಗೆ ಅವಳು ಯಾವಾಗಲೂ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಉಪಾಯ ಹೂಡಿದವನು ಅಳಿಯ ಅಜಿತ. ಬಂಟ್ವಾಳದಲ್ಲಿ ಅವನಿಗೆ ಲಾರಿ, ಟೆಂಪೋಗಳಿಗೆ ಬಾಡಿ ಕಟ್ಟುವ ಶೆಡ್ಡಿದೆ. ಕೃಷ್ಣಾಷ್ಟಮಿ ಕಳೆದ ವಾರ ಮನೆಗೆ ಬಂದವನು ಚಹಾ ಕುಡಿಯುತ್ತಾ, "ಅತ್ತೆಗೆ ಅಡುಗೆಮನೆ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಲ್ವಾ ಮಾವ? ಹಾಗಾದ್ರೆ ಅಡುಗೆಮನೆಗೇ ಚಕ್ರ ಇಡುವ" ಎಂದ. ನಾವು ನಗೆಯಾಡಿದೆವು. ಹದಿನೈದು ದಿನದಲ್ಲಿ ಅವನು ಯಾರೋ ಕೈಬಿಟ್ಟ ಹಳೆಯ ಟ್ರಾವೆಲರನ್ನು ಶೆಡ್ಡಿಗೆ ತಂದು ಸೀಟುಗಳನ್ನೆಲ್ಲ ಕಿತ್ತು ಹಾಕಿದ್ದ.

ಆ ಒಂದು ತಿಂಗಳು ನನಗೆ ಮತ್ತೆ ಕೆಲಸಕ್ಕೆ ಸೇರಿದ ಹಾಗಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗಿ ಶೆಡ್ಡಿನಲ್ಲಿ ಕೂರುತ್ತಿದ್ದೆ. ಬಿಸಿಲು ಮಳೆ ಎರಡೂ ಇದ್ದ ದಿನಗಳು. ಬೆಳಗ್ಗೆ ಸುಡು ಬಿಸಿಲು, ನಾಲ್ಕು ಗಂಟೆಗೆ ಘಟ್ಟದ ಕಡೆಯಿಂದ ಗುಡುಗು. ಗದ್ದೆಗಳಲ್ಲಿ ಪೈರು ಹಳದಿಯಾಗುತ್ತಾ ಬಂದಿತ್ತು. ಎರಡು ಹಾಸಿಗೆ ಕೆಳಗೆ, ಎರಡು ಮೇಲೆ, ಮೊಮ್ಮಗಳು ಶ್ರಾವ್ಯಳಿಗೆ ಡ್ರೈವರ್ ಸೀಟಿನ ಹಿಂದೆ ಒಂದು ಚಿಕ್ಕದು. ಒಲೆಯ ಕಟ್ಟೆ ಎಷ್ಟು ಎತ್ತರ ಬೇಕು ಎಂದು ಅಳೆಯಲು ಮನೆಯಲ್ಲಿ ಸುನಂದಾಳನ್ನು ಗೋಡೆಗೆ ನಿಲ್ಲಿಸಿ ಮೊಣಕೈಯವರೆಗೆ ಟೇಪು ಹಿಡಿದೆ. ನನ್ನನ್ನೂ ಸರ್ವೇ ಕಲ್ಲು ಮಾಡಿಬಿಟ್ಟಿರಾ ಎಂದು ಅವಳು ನಕ್ಕಳು. ಆ ನಗುವನ್ನು ಈಗ ನೆನೆದರೆ ನನಗೆ ಸಿಟ್ಟೇ ಬರುತ್ತದೆ. ಯಾರ ಮೇಲೆ ಎಂದು ಮುಂದೆ ಹೇಳುತ್ತೇನೆ.

ಗಾಡಿ ಹೇಗೆ ಓಡುತ್ತದೆ ನೋಡುವ ಎಂದು ಒಂದು ಭಾನುವಾರ ಬೆಳ್ತಂಗಡಿ ದಾಟಿ ಚಾರ್ಮಾಡಿಯ ತನಕ ಹೋದೆವು. ಘಟ್ಟ ಹತ್ತಲಿಲ್ಲ. ಬುಡದಲ್ಲಿ ಹೊಳೆ ಬದಿಗೆ ನಿಲ್ಲಿಸಿದೆವು. ಸುನಂದಾ ನೀರು ಸೋಸಿದಳು, ಅನ್ನಕ್ಕಿಟ್ಟಳು, ಹೆಸರುಬೇಳೆ ತೊವ್ವೆ ಮಾಡಿದಳು, ಪಾಯಸಕ್ಕೆ ಏಲಕ್ಕಿ ಗುದ್ದಿದಳು. ಐದೂ ಕಾಲಿಗೆ ಮಕ್ಕಳ ಹಾಗೆ ಮುಖ ತಿರುಗಿಸಿ ಇನ್ಸುಲಿನ್ ಸೂಜಿ ಹಾಕಿಕೊಂಡಳು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿದೆ, ಸೂಜಿ ಶುರುವಾಗಿ ನಾಲ್ಕು ವರ್ಷ. ಸೂಜಿ ಹಾಕಿದ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು ಎಂದು ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದರು. ಐದೂವರೆಗೆ ಉಂಡಳು. ಬರುವಾಗ ಮುಂಡಾಜೆಯಲ್ಲಿ ಗಾಡಿ ನಿಧಾನ ಮಾಡಿಸಿ, ನಾವಿದ್ದ ಮನೆಯ ಜಾಗವನ್ನು ಮೊಮ್ಮಗಳಿಗೆ ತೋರಿಸಿದಳು. ಅಲ್ಲಿ ಈಗ ಬೇರೆ ಕಟ್ಟಡ. ನಿನ್ನ ಅಮ್ಮ ನಡೆಯಲು ಕಲಿತದ್ದು ಇಲ್ಲಿ ಎಂದಳು. ಜ್ವರದ ಮಾತೆತ್ತಲಿಲ್ಲ.

ನವರಾತ್ರಿ ಮುಗಿದು ಶ್ರಾವ್ಯಳಿಗೆ ಇನ್ನೂ ರಜೆ ಇರುವಾಗಲೇ ಹೊರಟೆವು. ಮೂಡುಬಿದಿರೆಯಿಂದ ಮೂಲ್ಕಿ, ಅಲ್ಲಿಂದ ಸಮುದ್ರದ ಬದಿಯಲ್ಲೇ ಕಾರವಾರದವರೆಗೆ. ಎಂಟು ದಿನದ ಯೋಜನೆ. ಮೊದಲ ದಿನ ಕಾಪುವಿನಲ್ಲಿ, ಎರಡನೆಯ ದಿನ ಮಲ್ಪೆಯಲ್ಲಿ ಉಳಿದೆವು. ಎರಡು ದಿನವೂ ಸುನಂದಾ ಐದೂವರೆಗೆ ಗಾಡಿಯೊಳಗೇ ಉಂಡು ಮುಗಿಸಿ, ಕೈ ಒರೆಸಿಕೊಳ್ಳುತ್ತಾ ನಮ್ಮ ಜೊತೆ ದಂಡೆಗೆ ಬಂದು ನಿಂತಳು. ಕಾಪುವಿನಲ್ಲಿ ಕೆಂಪು ಸೂರ್ಯ ನೀರಿಗೆ ತಾಗಿದಾಗ ಅವಳು ಕೈ ಒರೆಸುವುದನ್ನು ನಿಲ್ಲಿಸಿದಳು. ಆಮೇಲೆ, ಇಷ್ಟು ದೊಡ್ಡದಾ ಅದು, ಎಂದು ಮಾತ್ರ ಕೇಳಿದಳು. ನಾನು ಸಂತೋಷದಿಂದ ಉಬ್ಬಿಹೋದೆ.

ಉಬ್ಬಿದವನು ಮೂರನೆಯ ದಿನ ಮರವಂತೆಯಲ್ಲಿ ಒಂದು ಹೆಚ್ಚುಗಾರಿಕೆ ಮಾಡಿದೆ. ಈ ದಿನ ಸಮುದ್ರದ ಎದುರೇ ಕೂತು, ಸೂರ್ಯನನ್ನು ನೋಡುತ್ತಾ ಉಣ್ಣುವ ಎಂದೆ. ಫೋನಿನಲ್ಲಿ ನೋಡಿದರೆ ಸೂರ್ಯಾಸ್ತ ಆರು ಹತ್ತಕ್ಕೆ. ಐದೂ ಮುಕ್ಕಾಲಿಗೆ ಎಲೆ ಹಾಕಿದರೂ ಬೇಕಾದಷ್ಟು ಹೊತ್ತು. ಸುನಂದಾ ಒಳಗೇ ಉಣ್ಣುತ್ತೇನೆ ಎಂದಳು. ಶ್ರಾವ್ಯ ಅಜ್ಜಿಯ ಸೆರಗು ಹಿಡಿದು ಎಳೆದಳು. ಸರಿ ಎಂದು ಒಪ್ಪಿ ಐದು ಇಪ್ಪತ್ತಕ್ಕೆ ಸೂಜಿ ಹಾಕಿಕೊಂಡಳು. ನಾನು ಅದನ್ನು ನೋಡಿದೆ.

ರಸ್ತೆ ದಾಟಿ ಪಾತ್ರೆಗಳನ್ನು ಒಯ್ಯಲು ಎಣಿಸಿದ್ದಕ್ಕಿಂತ ಹೊತ್ತು ಹಿಡಿಯಿತು. ಗಾಳಿಗೆ ಚಾಪೆ ಮಗುಚಿತು. ಅನ್ನಕ್ಕೆ ಹೊಯಿಗೆ ಬೀಳುತ್ತದೆಂದು ಬಂಡೆಗಳ ಮರೆಗೆ ಜಾಗ ಬದಲಿಸಿದೆವು. ಕೊನೆಗೂ ಎಲೆ ಹಾಕಿ ಪ್ರಫುಲ್ಲ ಅಮ್ಮನಿಗೆ ಮೊದಲು ಬಡಿಸಿದಳು. ಸುನಂದಾ ಕೈ ತೊಳೆದು ತೊವ್ವೆ ಕಲಸಿದಳು. ಅಷ್ಟರಲ್ಲಿ ಬೆಳಕು ಒಮ್ಮೆಲೇ ಬೂದಿಯಾಯಿತು. ನೀರಿನ ಮೇಲೆ ಒಂದು ದಪ್ಪ ಮೋಡ ಮಲಗಿತ್ತು, ಸೂರ್ಯ ಅದರೊಳಗೆ ಹೋಗಿದ್ದ. ಗಂಟೆ ಐದು ಐವತ್ತೆರಡು. ಅವಳು ತುತ್ತನ್ನು ಎಲೆಗೆ ಇಟ್ಟುಬಿಟ್ಟಳು.

"ಮುಳುಗಿತಲ್ಲ," ಎಂದಳು.

ಮುಳುಗಿಲ್ಲ, ಮೋಡದ ಹಿಂದೆ ಉಂಟು, ಇನ್ನು ಹದಿನೆಂಟು ನಿಮಿಷ ಇದೆ ಎಂದೆ. ಕಾಣದ ಮೇಲೆ ಮುಳುಗಿದ ಹಾಗೆಯೇ ಎಂದಳು. ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಆಗ ಗಡಿಯಾರ ನೋಡಿ ಉಣ್ಣುವುದಿಲ್ಲವಾ ನೀನು ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಫೋನು ತೋರಿಸಿ" ಎಂದು ಕೈ ಚಾಚಿದಳು.

ಆಗ ನಾನು ಫೋನು ಕೊಡಬೇಕಿತ್ತು. ಕೊಟ್ಟಿದ್ದರೆ ಅವಳು ಗಂಟೆ ನೋಡಿ, ತುತ್ತು ಎತ್ತಿ ಬಾಯಿಗೆ ಹಾಕುತ್ತಿದ್ದಳು. ಇದರಲ್ಲಿ ನನಗೆ ಒಂದಿಷ್ಟೂ ಸಂಶಯವಿಲ್ಲ. ಆದರೆ ನಾನು ಗೆದ್ದಿದ್ದೆ, ಗೆದ್ದದ್ದು ಎಲ್ಲರಿಗೂ ಗೊತ್ತಾಗಬೇಕಿತ್ತು. ತಡಿ, ಯಾಕೆ ಅಂತ ಮೊದಲು ತಿಳಿದುಕೋ ಎಂದೆ. ಮೊಮ್ಮಗಳನ್ನು ಪಕ್ಕಕ್ಕೆ ಕರೆದು ಹೊಯಿಗೆಯ ಮೇಲೆ ಕೋಲಿನಿಂದ ಭೂಮಿ ಬರೆದೆ, ಸೂರ್ಯ ಬರೆದೆ. ಮೂಡುಬಿದಿರೆಯಲ್ಲಿ ಗುಡ್ಡದ ಮರೆಯಿಂದ ಹೊತ್ತು ಬೇಗ ಹೋದಂತೆ ಕಾಣುವುದು ಯಾಕೆ, ಸಮುದ್ರದಲ್ಲಿ ಕೊನೆಯವರೆಗೂ ಕಾಣುವುದು ಯಾಕೆ, ನಮ್ಮ ಕಣ್ಣಿನ ಎತ್ತರಕ್ಕೆ ನೀರಿನ ಅಂಚು ಎಷ್ಟು ದೂರ, ಎಲ್ಲ ವಿವರಿಸಿದೆ. ಶ್ರಾವ್ಯ ಪ್ರಶ್ನೆ ಕೇಳಿದಳು, ಅದಕ್ಕೂ ಉತ್ತರ ಕೊಟ್ಟೆ. ಅಜಿತ ಒಂದು ಸಲ ಮಾವ, ಅನ್ನ ತಣೀತದೆ ಎಂದ. ಆಯಿತು ಆಯಿತು ಎಂದೆ. ಸುನಂದಾ ಕಲಸಿದ ಕೈಯನ್ನು ಎಲೆಯ ಮೇಲೆ ಹಾಗೇ ಹಿಡಿದುಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಟೀಚರಾಗಿದ್ದವಳಲ್ಲವೇ, ಪಾಠದ ನಡುವೆ ಏಳುವ ಅಭ್ಯಾಸ ಅವಳಿಗಿರಲಿಲ್ಲ. ಎಲ್ಲ ಮುಗಿಸಿ ಫೋನು ತೆಗೆದು ಅವಳ ಮುಂದೆ ಹಿಡಿದೆ. ಗಂಟೆ ಆರು ಹನ್ನೆರಡು.

"ಈಗ ನಿಮ್ಮ ಲೆಕ್ಕದಲ್ಲೂ ಮುಳುಗಿತು," ಎಂದಳು ಸುನಂದಾ.

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಅವಳೂ ನಕ್ಕಳು. ಎದ್ದು ಕೈ ತೊಳೆದು ಬಂದು ನಮಗೆ ಬಡಿಸಿದಳು. ನಾವು ನಾಲ್ಕೂ ಜನ ಹೊಟ್ಟೆ ತುಂಬ ಉಂಡೆವು. ಒಂದು ಹೊತ್ತಿನ ಊಟ ತಪ್ಪುವುದು ಅವಳಿಗೆ ಹೊಸತಲ್ಲ, ಚತುರ್ದಶಿಗೆ ಉಪವಾಸ ಮಾಡುವವಳು. ಉಪವಾಸದ ದಿನ ಸೂಜಿ ಹಾಕುವುದಿಲ್ಲ ಎಂಬುದು ನನಗೆ ನೆನಪಾದದ್ದು ಪಾತ್ರೆಗಳನ್ನು ಗಾಡಿಗೆ ಸಾಗಿಸಿದ ಮೇಲೆ. ಕೇಳಿದೆ. "ಏನಾಗ್ಲಿಕ್ಕಿಲ್ಲ, ಬೆಳಿಗ್ಗೆ ಬೇಗ ಉಣ್ತೇನೆ" ಎಂದಳು. ಅಪಾಯ ಅವಳಿಗೂ ಗೊತ್ತಿತ್ತು. ಕೂಡಲೇ ಆಸ್ಪತ್ರೆಗೆ ಹೋಗುವ ಎನ್ನಬೇಕಿತ್ತು ನಾನು. ಊರೂರು ತಿರುಗಲು ಬಂದು ಆಸ್ಪತ್ರೆ ಯಾಕೆ ಎಂದು ಸುಮ್ಮನಾದೆ.

ಏಳು ಗಂಟೆ ದಾಟಿತ್ತು. ಅವಳ ಹಣೆಯಲ್ಲಿ ಬೆವರು ಕಂಡಿತು. ಗಾಳಿ ತಣ್ಣಗಿತ್ತು, ಆದರೂ ರವಿಕೆ ಒದ್ದೆಯಾಗಿತ್ತು. ಕೈ ನಡುಗಲು ಹಿಡಿಯಿತು. ಪ್ರಫುಲ್ಲಳನ್ನು ಸಣ್ಣವಳಿದ್ದಾಗ ಕರೆಯುತ್ತಿದ್ದ ಹಾಗೆ ಪಾಪು ಎಂದು ಕರೆದಳು, ಮಾತು ತೊದಲಿತು. ಅಜಿತ ಗಾಡಿಯನ್ನು ಕುಂದಾಪುರದ ಕಡೆ ತಿರುಗಿಸಿ ಓಡಿಸಿದ. ಪ್ರಫುಲ್ಲ ನಮ್ಮ ಡಾಕ್ಟರಿಗೆ ಫೋನು ಮಾಡಿದಳು. ನುಂಗಲು ಆಗುವುದಾದರೆ ಕೂಡಲೇ ಸಕ್ಕರೆ ನೀರು ಕೊಡಿ, ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಬೇಗ ಆಸ್ಪತ್ರೆಗೆ ಮುಟ್ಟಿಸಿ ಎಂದರು.

ನಾನು ಲೋಟದಲ್ಲಿ ಸಕ್ಕರೆ ಕದಡಿದೆ. ಸುನಂದಾ ಹಲ್ಲು ಕಚ್ಚಿಕೊಂಡಳು. ತಲೆಯನ್ನು ಆಚೆ ಈಚೆ ಆಡಿಸಿದಳು. ಪ್ರಫುಲ್ಲ ಅವಳ ಕಾಲ ಬಳಿ ಮೊಣಕಾಲೂರಿ, ಎರಡೂ ಕೈಯಿಂದ ಅಮ್ಮನ ಮುಖ ಹಿಡಿದು ಬೇಡಿಕೊಂಡಳು. "ಅಮ್ಮಾ, ನನಗೋಸ್ಕರ ಕುಡಿ. ನನಗೋಸ್ಕರ ಅಂತ ಎಣಿಸಿ ಕುಡಿ."

ಹಾಗೆ ಹೇಳಬೇಡ ಎಂದು ನಾನು ಮಗಳಿಗೆ ಹೇಳುವುದು ಹೇಗೆ? ಯಾರಿಗೋಸ್ಕರ ಅವಳು ಬಾಯಿ ಬಿಗಿದಿದ್ದಾಳೆಂದು ಆ ಗಾಡಿಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಸುನಂದಾ ಮಗಳನ್ನೇ ನೋಡುತ್ತಿದ್ದಳು. ಶ್ರಾವ್ಯ ತನ್ನ ಚಿಕ್ಕ ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಎಡಗೈಯಿಂದ ಸುನಂದಾಳ ದವಡೆ ಅದುಮಿ ಹಲ್ಲಿನ ಎಡೆಯಿಂದ ಒಂದು ಚಮಚ ಒಳಗೆ ಹೊಯ್ದೆ. ಗಂಟಲು ಆಡಿತು. ಇನ್ನೊಂದು ಚಮಚ ಹೋಯಿತು, ಮತ್ತೊಂದು ಹೋಯಿತು. ಲೋಟ ಖಾಲಿಯಾದದ್ದು ನನಗೆ ತಿಳಿಯಲೇ ಇಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸರಿಯಾದ ಹೊತ್ತಿಗೆ ಸಕ್ಕರೆ ಹೋದದ್ದು ಒಳ್ಳೆಯದಾಯಿತು ಎಂದರು. ಬೆಳಿಗ್ಗೆ ಸುನಂದಾ ಎದ್ದು ಕೂತು, ತಲೆ ಬಾಚಿ, ಮನೆಗೆ ಹೋಗುವ ಎಂದಳು. ಕಾರವಾರದ ಮಾತನ್ನು ಯಾರೂ ಎತ್ತಲಿಲ್ಲ. ಉಡುಪಿ, ಕಾರ್ಕಳ ದಾಟಿ ಮೂಡುಬಿದಿರೆ ಮುಟ್ಟುವವರೆಗೆ ಅವಳು ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಗದ್ದೆಗಳಲ್ಲಿ ಕೊಯ್ಲು ಶುರುವಾಗಿತ್ತು.

ಆಮೇಲಿನ ದಿನಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅವಳು ಒಂದೇ ಹೊತ್ತು ಉಣ್ಣಲು ಶುರು ಮಾಡಿದಳು. ಡಾಕ್ಟರು ಗದರಿಸಿದರು, ಬೇಡಿಕೊಂಡರು, ಕೊನೆಗೆ ಔಷಧಿಯನ್ನೇ ಬದಲಿಸಿಕೊಟ್ಟರು. ಮೈ ಇಳಿಯಿತು, ಬಳೆಗಳು ಮೊಣಕೈಯವರೆಗೆ ಜಾರುತ್ತವೆ. ಬಸದಿಗೆ ಹೋದರೂ ಹೊರಗಿನ ಕಂಬದ ಹತ್ತಿರ ನಿಂತು ಕೈಮುಗಿದು ಬರುತ್ತಾಳೆ, ಒಳಗೆ ಹೋಗುವುದಿಲ್ಲ. ಅಲ್ಲಿ ಪೂಜೆ ಮಾಡುವ ಇಂದ್ರರನ್ನು ನಾನೇ ಮನೆಗೆ ಕರೆದುಕೊಂಡು ಬಂದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಬೇರೆಯವರು ಹಾಕಿದ್ದಕ್ಕೆ ದೋಷವಿಲ್ಲ ಅಮ್ಮ ಎಂದು ಅವರು ನಿಧಾನವಾಗಿ ತಿಳಿಸಿ ಹೇಳಿದರು. ಅವಳು ತಲೆಯಾಡಿಸಿದಳು, ಅವರಿಗೆ ಹಾಲು ಹಣ್ಣು ಕೊಟ್ಟು ಕಳಿಸಿದಳು. ಮರುದಿನವೂ ಕಂಬದ ಹತ್ತಿರವೇ ನಿಂತಳು.

ನಾನು ಮಾತ್ರ ವರ್ಷವಿಡೀ ವಾದ ಬಿಡಲಿಲ್ಲ. ನಿನಗೆ ಎಚ್ಚರ ಇರಲಿಲ್ಲ, ತಪ್ಪಿದ್ದರೆ ಅದು ನನ್ನದು, ಸಮುದ್ರದ ಎದುರು ಕೂರಿಸಿದ್ದು ನಾನು, ಹೊಯಿಗೆಯಲ್ಲಿ ಗೀಚಿದ್ದು ನಾನು, ಬಾಯಿಗೆ ಹೊಯ್ದದ್ದೂ ನಾನು. ಬಟ್ಟೆ ಒಣಗಿಸುವಾಗ ಹೇಳಿದೆ, ಹೂ ಕೊಯ್ಯುವಾಗ ಹೇಳಿದೆ. ಎಲ್ಲ ತಪ್ಪನ್ನೂ ನಾನೇ ಹೊತ್ತುಕೊಂಡರೆ ಅವಳಿಗೆ ಏನೂ ಉಳಿಯುವುದಿಲ್ಲ ಎಂಬ ಲೆಕ್ಕ ನನ್ನದು. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ ಒಳಗೆ ಹೋಗುತ್ತಿದ್ದಳು.

ಗಾಡಿ ನೋಡಲು ಬಂದವರು ನಾಳೆ ತಿಳಿಸುತ್ತೇನೆ ಎಂದು ಹೋದ ಮೇಲೆ ಒಳಗೆ ಬಂದೆ. ಹಗಲು ಹನ್ನೊಂದು ಗಂಟೆ. ಸುನಂದಾ ಹಿತ್ತಿಲ ಜಗಲಿಯಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಗಾಡಿಯೂ ಹೋಗುತ್ತದೆ, ಇನ್ನಾದರೂ ಬಿಟ್ಟುಬಿಡು, ನಿನಗೆ ಅವತ್ತು ಎಚ್ಚರವೇ ಇರಲಿಲ್ಲ ಎಂದು ಮತ್ತೆ ಶುರು ಮಾಡಿದೆ. ಅವಳು ಬಟ್ಟೆಯನ್ನು ಬಿಚ್ಚಿ, ಹಿಂಡಿ, ಹಗ್ಗದ ಮೇಲೆ ಹರಡಿದಳು.

"ಎಚ್ಚರ ಇತ್ತು," ಎಂದಳು. "ಮೊದಲ್ನೇದು ನೀವು ಹಾಕಿದ್ದು, ಅದು ಸರಿ. ಸಿಹಿ ಅಂತ ಗೊತ್ತಾಯ್ತು. ಎರಡನೇದಕ್ಕೆ ನಾನೇ ಬಾಯಿ ತೆರೆದೆ. ಪಾಪು ಎದುರಿಗೇ ಕೂತಿದ್ದಳು. ಅವಳನ್ನು ನೋಡ್ತಾ ನೋಡ್ತಾ ನುಂಗಿದೆ."

ಗಾಳಿಗೆ ಜಾರಿದ ಬಟ್ಟೆಯನ್ನು ನಾನು ಹಗ್ಗದ ಮೇಲೆ ಸರಿ ಮಾಡಿದೆ. ಕೊಡವನ್ನು ಎತ್ತಿ ಒಳಗಿಟ್ಟು ಬಂದು ಅವಳು ಫೋನು ತೆಗೆದಳು. "ಪ್ರಫುಲ್ಲ, ಹುಷಾರುಂಟಲ್ವಾ? ಜ್ವರ ಗಿರ ಇಲ್ಲ ಅಲ್ವಾ?" ಎಂದು ಕೇಳಿದಳು. ಮಗಳು ಏನೋ ಹೇಳಿ ನಕ್ಕದ್ದು ನನಗೂ ಕೇಳಿಸಿತು. ಅಮ್ಮನಿಗೆ ಈಚೆಗೆ ತನ್ನ ಮೇಲೆ ತುಂಬ ಪ್ರೀತಿ, ದಿನಕ್ಕೆ ಮೂರು ಸಲ ಫೋನು ಮಾಡುತ್ತಾಳೆ ಎಂದು ಪ್ರಫುಲ್ಲ ಮೊನ್ನೆ ನನ್ನಲ್ಲಿ ಹೇಳುತ್ತಿದ್ದಳು. ಹೌದು ಮಗ, ವಯಸ್ಸಾಯಿತಲ್ಲ, ಹಾಗೆಯೇ ಎಂದಿದ್ದೆ.